ಗುಲಗಂಜಿ ಹುಳುವಿನ ಮರಿ

ಬಸ್ರೂರಿನ ನಮ್ಮ ಪಕ್ಕದ ಗದ್ದೆಯ ಅಕ್ಕಯ್ಯ ಅಲಸಂದೆ ಎಲೆಯನ್ನು ಮಗುವಿನ ಗಲ್ಲದ ಹಾಗೆ ಬೆರಳಲ್ಲಿ ಎತ್ತಿ ನೋಡುತ್ತಿದ್ದರು. ಅಡಿಯಲ್ಲಿ ಗುಲಗಂಜಿ ಹುಳುವಿನ ಮರಿ ಕಂಡರೆ, "ಇವು ಬಳ್ಳಿ ಹೇನ್ ತಿಂತೊ, ಮುಟ್ಬೇಡಿ" ಎನ್ನುತ್ತಿದ್ದರು.

"ಇದ್ ಸಾಫ್ಟ್ ಮದ್ದ್, ಒಳ್ಳೆ ಹುಳಕ್ಕೆ ಎಂತದೂ ಆತಿಲ್ಲೆ" ಎಂದ ಕೀಟನಾಶಕದ ಮದ್ದಿನ ಅಂಗಡಿಯವನನ್ನು ನಂಬಿ ಅಕ್ಕಯ್ಯ ಒಮ್ಮೆ ಅದನ್ನು ಬಳ್ಳಿಗೆ ಹೊಡೆದರು. ವಾರದೊಳಗೆ ಮರಿಗಳೆಲ್ಲ ಎಲೆಗೆ ಅಂಟಿಕೊಂಡೇ ಒಣಗಿದವು. ಕರೆಸಿದಾಗ ಅವನು ಹಾರಾಡುವ ಎರಡು ಬೆಳೆದ ಗುಲಗಂಜಿ ಹುಳು ತೋರಿಸಿ, ಬದುಕಿವೆಯಲ್ಲ ಎಂದು ನಕ್ಕ.

"ಹ್ವಾಯ್, ಮುದ್ಕರನ್ನ್ ತೋರ್ಸಿ ಊರ್ ಬದ್ಕಿತ್ ಅಂದ್ರೆ ಆತ್ತಾ? ಒಂದ್ ಮರಿ ತೋರ್ಸಿ ಕಾಂಬ!"

ಅಕ್ಕಯ್ಯ ಹೀಗೆ ಕೇಳಿದ್ದೇ ಅವನು ಗದ್ದೆ ದಾಟಿ ಹೊರಟ.

ಕಳೆದ ತಿಂಗಳು ಅಕ್ಕಯ್ಯ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಬಂದ ಆ ಅಂಗಡಿಯವನು ಅವರ ಸೊಸೆಗೂ ಅದೇ ಮದ್ದು ಹೇಳುತ್ತಿದ್ದ. ಅವನ ಪಕ್ಕದಲ್ಲಿ ಕುಳಿತಿದ್ದ ನಾನು ಬಡಿಸಿದ ಎಲೆ ಬಿಟ್ಟು ಎದ್ದೆ.