ಮಂಗಳಾ ನನ್ನ ಕೈಕೆಳಗಿದ್ದ ಒಂದು ದಿನ

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವನು ನಾನು. ಕಂಪ್ಯೂಟರಿಗೆ ನಾವು ತುಂಬಿದ್ದು ಬಿಟ್ಟರೆ ಬೇರೇನೂ ತಿಳಿಯದು ಎಂದು ಇವತ್ತಿಗೂ ವಾದಿಸುತ್ತೇನೆ. ಆದರೂ ಇದನ್ನು ಹೇಳಿಬಿಡುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೊಳ್ಳೇಗಾಲದ ಒಂದು ರೇಷ್ಮೆ ನೂಲಿನ ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ ನನ್ನದು. ಹನೂರಿನಲ್ಲಿ, ಯಳಂದೂರಿನಲ್ಲಿ ನಮ್ಮ ಶಾಖೆಗಳಿವೆ. ಮೂರನ್ನೂ ನೋಡಿಕೊಳ್ಳುವ ಮ್ಯಾನೇಜರ್ ಹುದ್ದೆ ಹೊಸದಾಗಿ ಹುಟ್ಟಿದಾಗ ಅದು ನನಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ನನ್ನ ಹೆಂಡತಿ ಬೀದಿಗೆಲ್ಲ ಸಿಹಿ ಹಂಚಿಯೂ ಆಗಿತ್ತು. ಸಿಕ್ಕಿದ್ದು ಯಳಂದೂರಿನ ಮಂಗಳಾಗೆ. ಮೌಸ್ ಹಿಡಿಯುವುದನ್ನು ನಾನೇ ಕಲಿಸಿಕೊಟ್ಟ ಹುಡುಗಿ! ಹೊಟ್ಟೆ ಉರಿಯಿತು ಅಂದರೆ ಕಮ್ಮಿಯೇ. ಅವಳು ಬಾಯಿತುಂಬ "ಅಣ್ಣಾ" ಎಂದು ಕರೆದಾಗ ಆ ಉರಿಗೆ ತುಪ್ಪ ಸುರಿದಂತಾಗುತ್ತಿತ್ತು.

ಅದರ ಮೇಲೆ, ಯಾರು ಯಾರ ಕೈಕೆಳಗೆ ಎಂಬುದನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಜೋಡಿಸುವ ಕೆಲಸವೂ ನನ್ನ ತಲೆಗೇ ಬಂತು. ಹಳೆಯ ಟೇಬಲ್ಲಿನಲ್ಲಿ ಪ್ರತಿ ನೌಕರನ ಸಾಲಿನಲ್ಲೂ ಅವನ ಮೇಲಧಿಕಾರಿಯ ಹೆಸರು, ಫೋನು, ಶಾಖೆ ಎಲ್ಲ ತುರುಕಿದ್ದರು. ಒಬ್ಬ ಅಧಿಕಾರಿ ಬದಲಾದರೆ ಎಲ್ಲ ಸಾಲುಗಳನ್ನೂ ತಿದ್ದಬೇಕು. ಒಂದು ತಪ್ಪಿಹೋದರೂ ಯಾರದೋ ರಜೆ ಅರ್ಜಿ ಇನ್ಯಾರ ಬಳಿಗೋ ಹೋಗುತ್ತಿತ್ತು. ಹೆಸರನ್ನು ನಂಬುವ ಹಾಗೂ ಇಲ್ಲ. ನಮ್ಮ ಸೀಮೆಯಲ್ಲಿ ಕಲ್ಲೆಸೆದರೆ ಒಬ್ಬ ಮಾದೇಶನಿಗೆ ತಾಗುತ್ತದೆ. ಹಾಗಾಗಿ ನೌಕರರ ವಿವರಕ್ಕೇ ಒಂದು ಟೇಬಲ್ ಮಾಡಿ ಒಬ್ಬೊಬ್ಬರಿಗೂ ಒಂದು ನಂಬರ್ ಕೊಟ್ಟೆ. ಇನ್ನೊಂದು ಟೇಬಲ್ಲಿನಲ್ಲಿ ನೌಕರನ ನಂಬರ್, ಅವನ ಮೇಲಿನವರ ನಂಬರ್, ಯಾವತ್ತಿನಿಂದ ಎಂಬುದು, ಇಷ್ಟೇ.

ಪರೀಕ್ಷೆಗೆಂದು ಸಾಲು ತುಂಬುವಾಗ ಮಂಗಳಾಳ ಮೇಲಿನವರು ಎಂಬಲ್ಲಿ ನನ್ನ ನಂಬರ್ ಹಾಕಿದೆ. ಸುಮ್ಮನೆ, ಕಣ್ಣಾದರೂ ತಂಪಾಗಲಿ ಎಂದು. ಅದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇತ್ತು. ಯಾರಿಗೂ ತೋರಿಸಿರಲಿಲ್ಲ, ಯಾವುದಕ್ಕೂ ಜೋಡಿಸಿರಲಿಲ್ಲ.

ಅವತ್ತೇ ಮಧ್ಯಾಹ್ನ ಮಂಗಳಾ ಬಸ್ಸು ಹತ್ತಿ ಬಂದು ನನ್ನ ಮೇಜಿನ ಮುಂದೆ ಕೈಕಟ್ಟಿ ನಿಂತಳು.

"ಸಾ, ನಾಳೀಕೆ ಅಜ್ಜೀಪುರದಲ್ಲಿ ನನ್ ತಂಗೀದು ವೀಳ್ಯಶಾಸ್ತ್ರ. ಒಂದಿನ ರಜ ಕೊಟ್ರೆ ಓಗ್ಬತ್ತೀನಿ."

ಅಣ್ಣ ಅಲ್ಲ, ಸಾ! ನನಗೆ ರಜೆ ಕೊಡಬೇಕಾದವಳು ಬಂದು ನನ್ನನ್ನೇ ಕೇಳುತ್ತಿದ್ದಾಳೆ. ಅಣಕಿಸುತ್ತಿದ್ದಾಳೆ ಎಂದೇ ಎಣಿಸಿ ಮೈಯೆಲ್ಲ ಉರಿದುಹೋಯಿತು. "ಆಗಕಿಲ್ಲ, ಓಗಮ್ಮ" ಎಂದೆ.

"ಸರಿ ಸಾ" ಎಂದು ತಲೆ ತಗ್ಗಿಸಿ ಹೊರಟುಹೋದಳು. ಕಣ್ಣಲ್ಲಿ ನೀರಿತ್ತು.

ಮಾರನೆಯ ಬೆಳಿಗ್ಗೆ ಅವಳ ತಾಯಿಯ ಫೋನ್ ಬಂತು. ಮಗಳ ಕಂಪನಿಯಲ್ಲಿ ಅವರಿಗೆ ಗೊತ್ತಿದ್ದವನು ನಾನೊಬ್ಬನೇ. "ಅಪ್ಪ ಇಲ್ದ ಎಣ್ಣು ಕಣಪ್ಪ, ಅಕ್ಕನೇ ಮುಂದೆ ನಿಂತು ತಟ್ಟೆ ಇಡೀಬೇಕು. ಗಂಡಿನೋರು ಬಂದು ಕುಂತವ್ರೆ. ಇವಳ್ನ ಕೇಳುದ್ರೆ, ನಮ್ ಸಾಯೇಬ್ರು ಬ್ಯಾಡ ಅಂದವ್ರೆ ಅಂತಾಳೆ. ಯಾರಪ್ಪಾ ಆ ಸಾಯೇಬ್ರು?"

ಯಾಕೆ ಹಾಗೆ ಹೊಳೆಯಿತೋ ಕಾಣೆ, ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ಅಳಿಸಿದೆ. ಅಳಿಸಿದ ಬೆರಳು ಇನ್ನೂ ಅಲ್ಲೇ ಇತ್ತು, ಮೊಬೈಲ್ ಬಡಿದುಕೊಂಡಿತು. ಮಂಗಳಾ.

"ಅಣ್ಣಾ! ನಾನ್ಯಾಕಣ್ಣಾ ಆಪೀಸಲ್ಲಿ ಕುಂತಿದೀನಿ? ಇವತ್ತು ನನ್ ತಂಗಿ ಶಾಸ್ತ್ರ ಅಲ್ವಾ?"

ಅವಳು ಅಜ್ಜೀಪುರ ಮುಟ್ಟುವಷ್ಟರಲ್ಲಿ ವೀಳ್ಯ ಬದಲಾಯಿಸಿ ಆಗಿತ್ತು. ತಟ್ಟೆಯನ್ನು ಯಾರೋ ಚಿಕ್ಕಮ್ಮ ಹಿಡಿದರಂತೆ. ತಂಗಿ ಬಹಳ ಕಾಲ ಅವಳೊಡನೆ ಮಾತು ಬಿಟ್ಟಿದ್ದಳು.

ನನ್ನ ಬಳಿಗೆ ಬಂದಿದ್ದಾಗಲಿ, ರಜೆ ಕೇಳಿದ್ದಾಗಲಿ ಮಂಗಳಾಗೆ ನೆನಪೇ ಇಲ್ಲ. ಈಗಲೂ ನನ್ನ ಮ್ಯಾನೇಜರ್ ಅವಳೇ. ಒಮ್ಮೊಮ್ಮೆ, "ಅವತ್ತು ನಂಗೇನಾಗಿತ್ತಣ್ಣಾ?" ಎಂದು ಕೇಳುತ್ತಾಳೆ. ಏನೆಂದು ಹೇಳಲಿ? ದೇವರಾಣೆಗೂ ನನಗೆ ಗೊತ್ತಿಲ್ಲ.

ಆಮೇಲೊಂದು ದಿನ ಅದೇ ಲ್ಯಾಪ್‌ಟಾಪಿನಲ್ಲಿ ಅದೇ ಸಾಲನ್ನು ಮತ್ತೆ ತುಂಬಿದೆ. ನಿಜವೋ ಸುಳ್ಳೋ ನೋಡಿಬಿಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಆಫೀಸು ಮುಚ್ಚುವವರೆಗೂ ಬಾಗಿಲನ್ನೇ ನೋಡುತ್ತ ಕುಳಿತಿದ್ದೆ. ಅವಳು ಬರಲಿಲ್ಲ.