ರಿಪೇರಿ ಖರ್ಚು: ಸೊನ್ನೆ

ಲೋಸೇಲಿಯ ಬಗ್ಗೆ ನಮ್ಮ ದ್ವೀಪದ ಊರು ನೇಯಾಫುವಿನಲ್ಲಿ ಯಾರನ್ನು ಕೇಳಿದರೂ "ದೇವರಂಥ ಹೆಂಗಸು" ಅನ್ನುತ್ತಾರೆ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ. ದೇವರಿಗೆ ಸಂಬಳ ಕೊಡಬೇಕಿಲ್ಲವಲ್ಲ, ಅದಕ್ಕೇ ಆ ಹೊಗಳಿಕೆ.

ಶಾಲೆಯಲ್ಲಿ ಟೈಪಿಂಗ್ ಕಲಿಸುವುದು ಅವಳ ನೌಕರಿ. ಅಲ್ಲಿನ ಹದಿನಾರು ಕಂಪ್ಯೂಟರುಗಳನ್ನು ಬಿಚ್ಚಿ, ಉಪ್ಪುಗಾಳಿಗೆ ಹಿಡಿದ ತುಕ್ಕು ಕೆರೆದು, ಹಲ್ಲಿಮೊಟ್ಟೆ ತೆಗೆದು, ವೈರಸ್ ಓಡಿಸುವುದು ಹನ್ನೆರಡು ವರ್ಷದಿಂದ ಬಿಟ್ಟಿ ಚಾಕರಿ. ನಮ್ಮಲ್ಲಿ ಊರಿಗೆ, ಚರ್ಚಿಗೆ, ಶಾಲೆಗೆ ಮಾಡಿದ್ದಕ್ಕೆ ಯಾರೂ ಕೂಲಿ ಕೇಳುವುದಿಲ್ಲ, ಅದು ಕರ್ತವ್ಯ. ಅವಳ ಶನಿವಾರಗಳೆಲ್ಲ ಅದಕ್ಕೇ ಹೋಗಿ, ಮಗಳ ಮದುವೆಗೆಂದು ಹೆಣೆಯಲು ಶುರು ಮಾಡಿದ ಚಾಪೆ ಅರ್ಧಕ್ಕೇ ನಿಂತಿತ್ತು. ಮದುವೆಯಾಗಿ ಮೊಮ್ಮಗುವೂ ಹುಟ್ಟಿಯಾಗಿತ್ತು.

ಆ ವರ್ಷ ಹಳೆಯವನ್ನೆಲ್ಲ ಎಸೆದು ಹೊಸದು ಕೊಳ್ಳುವುದೆಂದಾಯಿತು. ಎರಡು ಜಾತಿಯವು ಇದ್ದವು. ಒಂದರ ಪ್ರೋಗ್ರಾಮು ಇನ್ನೊಂದರಲ್ಲಿ ನಡೆಯದು. ನಾವು ಕರಿಯದು, ಬಿಳಿಯದು ಅನ್ನುತ್ತಿದ್ದೆವು. ನಮ್ಮ ಹಳೆಯವೆಲ್ಲ ಕರಿಯ ಜಾತಿಯವೇ. ಹದಿನಾರು ಕರಿಯದಕ್ಕೆ ಹದಿನೆಂಟು ಸಾವಿರ ಪಾಂಗಾ, ಬಿಳಿಯದಕ್ಕೆ ಮೂವತ್ತು ಸಾವಿರ. ಐದು ವರ್ಷದ ಪೂರ್ತಿ ಖರ್ಚು ಹೋಲಿಸುವ ಪಟ್ಟಿಯನ್ನು ಶಾಲಾ ಸಮಿತಿಯ ಗುಮಾಸ್ತೆಯಾದ ನಾನೇ ಬರೆದೆ. ಕರೆಂಟು, ಇಂಕು ಎರಡಕ್ಕೂ ಒಂದೇ. ರಿಪೇರಿಯ ಮುಂದೆ ಸೊನ್ನೆ. ಬರೆಯುವಾಗ ಎರಡನೇ ಸಲ ಯೋಚಿಸಲೂ ಇಲ್ಲ.

ಸಮಿತಿಯ ಅಧ್ಯಕ್ಷ ಫೆಲೇತಿ, ಲೋಸೇಲಿಯ ಸ್ವಂತ ತಮ್ಮ. ನಮ್ಮಲ್ಲಿ ತಮ್ಮನಾದವನು ಅಕ್ಕ ತನ್ನ ಮನೆಯಿಂದ ಏನು ಒಯ್ದರೂ ತಡೆಯುವಂತಿಲ್ಲ, ಅವಳೆದುರು ದನಿ ಎತ್ತುವಂತಿಲ್ಲ, ಒಂದೇ ಕೋಣೆಯಲ್ಲಿ ಕೂತು ವಾದಿಸುವುದಂತೂ ಇಲ್ಲವೇ ಇಲ್ಲ. ಅವಳು ಸಭೆಗೆ ಬಂದು ಕೂತದ್ದೇ ತಡ, ಅವನು ಎದ್ದು ಜಗಲಿಗೆ ಹೋಗಿ ಕಿಟಕಿಗೆ ಬೆನ್ನು ಹಾಕಿ ನಿಂತ. ಅವನ ಮಾತು ನಾನು ಒಳಗೆ ತರಬೇಕು, ಅವಳದು ನಾನೇ ಒಯ್ಯಬೇಕು. ಒಳ್ಳೇ ಗ್ರಹಚಾರ!

"ಈ ಸೊನ್ನೆ ಬರೆದ ಪುಣ್ಯಾತ್ಗಿತ್ತಿ ಯಾರು?" ಲೋಸೇಲಿ ಪಟ್ಟಿ ಹಿಡಿದು ಕೇಳಿದಳು.

"ನಾನೇ, ಅಕ್ಕಾ."

"ಕರೀದಕ್ಕೆ ವಾರಕ್ಕೆ ಏಳು ಗಂಟೆ ಬೆನ್ನು ಬಗ್ಗಿಸ್ತೀನಿ. ಗಂಟೆಗೆ ಎಂಟು ಪಾಂಗಾ ಹಾಕು. ಗುಡ್ಡದ ಶಾಲೆಯವರ ಬಿಳೀದನ್ನ ಮೂರು ವರ್ಷದಲ್ಲಿ ಎರಡೇ ಸಲ ಬಿಚ್ಚಿದ್ದು."

ಹಾಕಿದೆ. ವರ್ಷಕ್ಕೆ ಐವತ್ತು ವಾರ ಹಿಡಿದು, ಐದು ವರ್ಷಕ್ಕೆ ಹದಿನಾಲ್ಕು ಸಾವಿರ. ಅಗ್ಗದ ಕರಿಯದು ಮೂವತ್ತೆರಡು ಸಾವಿರ ಮುಟ್ಟಿತು!

"ಬಿಳೀದು ಬಂದ್ರೆ ನಿನ್ನ ಈ ರಿಪೇರಿ ಕೆಲಸವೇ ಹೋಗತ್ತಲ್ಲ, ಅಕ್ಕಾ?" ಅಂದೆ.

"ಹೋಗ್ಲಿ ಬಿಡೇ, ಪೀಡೆ ತೊಲಗ್ತು!"

ಜಗಲಿಯಿಂದ ಫೆಲೇತಿ ಪಿಸುಗುಟ್ಟಿದ: "ಫಿಫಿತಾ, ಅಕ್ಕನಿಗೆ ಹೇಳು. ನನ್ನ ಮನೇಲಿ ಏನ್ ಬೇಕಾದ್ರೂ ತಗೊಳ್ಳಲಿ. ಆ ದೊಡ್ಡ ಹಂದೀನೇ ಹೊಡ್ಕೊಂಡು ಹೋಗ್ಲಿ. ಪಟ್ಟೀಲಿ ಕೂಲಿ ಬರೆಯೋದು ಮಾತ್ರ ಬೇಡ. ಇವತ್ತು ಇವಳಿಗೆ ಬರೆದ್ರೆ ನಾಳೆ ಚರ್ಚಿನ ಗಂಟೆ ಹೊಡೆಯೋನಿಗೂ ಬರೀಬೇಕಾಗತ್ತೆ."

ನಾನು ತಿರುಗುವಷ್ಟರಲ್ಲಿ ಅವಳು ಎದ್ದಿದ್ದಳು. "ಅವನಿಗೆ ಹೇಳೇ. ಅಕ್ಕ ಅಂತ ಕೈ ಚಾಚಿದ್ರೆ ಹಂದಿ ಯಾಕೆ, ಮನೇನೇ ಬಿಟ್ಟುಕೊಡ್ತಾನೆ, ಗೊತ್ತು. ನಂಗೆ ಅಕ್ಕನ ಪಾಲು ಬೇಡ, ದುಡಿದವಳ ಹೆಸರು ಬೇಕು. ಬರೆಯಲ್ವಾ? ಕರೀದೇ ತಗೊಳ್ಳಿ. ನೀವೇ ಬಿಚ್ಚಿ, ನೀವೇ ಮುಚ್ಚಿ. ನಾನಂತೂ ಇನ್ನೊಂದು ತಿರುಪೂ ಮುಟ್ಟಲ್ಲ!"

ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಆಮೇಲೆ ಕಿಟಕಿಯಿಂದ ಕೈಯೊಂದು ಒಳಗೆ ಬಂತು. ಪಟ್ಟಿ ಕೊಟ್ಟೆ. ಅದು ವಾಪಸು ಬಂದಾಗ ಫೆಲೇತಿ ಸೊನ್ನೆ ಹೊಡೆದುಹಾಕಿ, ಹದಿನಾಲ್ಕು ಸಾವಿರ ಬರೆದು, ಪಕ್ಕದಲ್ಲಿ ಅವಳ ಪೂರ್ತಿ ಹೆಸರು ಹಾಕಿದ್ದ. ಬಿಳಿಯದನ್ನೇ ಕೊಳ್ಳಲು ರುಜುವನ್ನೂ ಮಾಡಿದ್ದ.

ಲೋಸೇಲಿ ಎರಡು ಸಲ ಓದಿದಳು. ಕಣ್ಣು ತುಂಬಿ ಬಂತು, ಒರೆಸಿಕೊಂಡಳು. ನಾನು ಪೆನ್ನು ಮುಚ್ಚಿ ಏಳಲು ಹೋದರೆ ಭುಜ ಅದುಮಿ ಕೂರಿಸಿದಳು.

"ಎಲ್ಲಿಗೆ ಹೊರಟೆ? ಕೂತ್ಕೋ. ಹಿಂದಿನ ಹನ್ನೆರಡು ವರ್ಷದ್ದೂ ಹಾಕು. ದುಡ್ಡು ಬೇಡ. ಬರೆದಿರ್ಲಿ."