ಬಿಚ್ಚದೆ ಉಳಿದ ಮನೆಗಂಟು

ಕಳೆದ ಭಾನುವಾರ ನಮ್ಮ ಹಳೆಯ ಕಾರನ್ನು ಮಾರುವ ಸಲುವಾಗಿ ಹಿಂದಿನ ಸೀಟಿನ ಕವರುಗಳನ್ನು ತೆಗೆಯುತ್ತಿದ್ದೆ. ಸೀಟಿನ ಸಂದಿಯಿಂದ ಕಮಟು ಎಣ್ಣೆಯ ವಾಸನೆ ಬಂತು. ಅದರ ಹಿಂದೆಯೇ, ತೀರಾ ತೆಳುವಾಗಿ, ಓಮದ ವಾಸನೆ. ಕೈ ಹಾಕಿದಾಗ ಸಿಕ್ಕಿದ್ದು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ, ಮುಷ್ಟಿಗಾತ್ರದ ಒಂದು ಗಂಟು. ಕಚೇರಿಯ ಪತ್ರಗಳನ್ನು ಹೊರತುಪಡಿಸಿ ನಾನು ಈವರೆಗೆ ಬೇರೇನನ್ನೂ ಬರೆದವಳಲ್ಲ. ಆದಾಗ್ಯೂ, ಶೆಟ್ಟಿಹಳ್ಳಿಯ ನಮ್ಮ ಎದುರು ಮನೆಯ ಅಜ್ಜಿಯ ಕುರಿತು ಈ ಕೆಳಕಂಡ ಸಂಗತಿಗಳನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ.

ನಮ್ಮ ಯಜಮಾನರ ಊರು ಬಳ್ಳಾರಿ. ರಜೆ ಬಂದಾಗಲೆಲ್ಲ ಕಾರಿನಲ್ಲಿ ಹೊರಡುತ್ತಿದ್ದೆವು. ಆಗ ನರ್ಸರಿಗೆ ಹೋಗುತ್ತಿದ್ದ ಮಗ, ನೆಲಮಂಗಲ ದಾಟುವ ಮೊದಲೇ ವಾಂತಿ ಮಾಡಿಕೊಳ್ಳುತ್ತಿದ್ದ. ಅಳು ನಿಲ್ಲಲೆಂದು ನಾನು ಬಿಸ್ಕತ್ತು, ಚಾಕೊಲೇಟು, ಫ್ಲಾಸ್ಕಿನ ಹಾಲು ಕೊಡುತ್ತಿದ್ದೆ, ಕೊಟ್ಟಷ್ಟೂ ಹೊರಬರುತ್ತಿತ್ತು. ಬಳ್ಳಾರಿ ತಲುಪುವಷ್ಟರಲ್ಲಿ ಮಗು ಒದ್ದೆ ಬಟ್ಟೆಯಂತೆ ನನ್ನ ಹೆಗಲ ಮೇಲೆ ಬಿದ್ದಿರುತ್ತಿತ್ತು. ಹಾಗೆ ಹೋಗಿ ಬಂದ ಒಂದು ದಿನ ಮನೆಯ ಮುಂದೆ ಸೀಟು ತೊಳೆಯುತ್ತಿದ್ದಾಗ ಅಜ್ಜಿ ರಸ್ತೆ ದಾಟಿ ಬಂದರು. ಶೆಟ್ಟಿಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿದ್ದ ಮನೆತನ ಅವರದು.

"ಕಾರ್ನಾಗೆ ಕುಂಡ್ರಿಸ್ಕಂಡು ಆಲು ಕುಡಿಸ್ತಾರೇನವ್ವ? ಮಗೀನ ಒಟ್ಟೆ ಏನು ಕೊಡ ಅಂದ್ಕಂಡ್ಯಾ? ಮುಂದಿನ್ ಸಲ ಓಗೋವಾಗ ನಂಗೊಂದ್ ಮಾತು ಯೋಳು."

ಅಂದಿನಿಂದ ಪ್ರತಿ ಪ್ರಯಾಣದ ಹಿಂದಿನ ದಿನ ಅವರ ಮನೆಯಿಂದ ಗಂಟುಗಳು ಬರತೊಡಗಿದವು. ಒಂದೊಂದು ಗಂಟಿಗೂ ಒಂದೊಂದು ಊರು ಗೊತ್ತುಪಡಿಸಲಾಗಿತ್ತು, ಹೋಗುವಾಗ ಒಂದು, ಬರುವಾಗ ಒಂದು. ದಾಬಸ್‌ಪೇಟೆಗೆ ಕಡ್ಲೆಪುರಿ, ಶಿರಾಕ್ಕೆ ನಿಪ್ಪಟ್ಟು, ಹಿರಿಯೂರಿಗೆ ಕೊಬ್ಬರಿ ಮಿಠಾಯಿ... ಆ ಊರು ಬರುವವರೆಗೆ ಗಂಟು ಬಿಚ್ಚುವಂತಿರಲಿಲ್ಲ. ಎಲ್ಲವೂ ಒಣ ತಿಂಡಿ, ಎಲ್ಲವೂ ಒಂದು ಹಿಡಿ ಮಾತ್ರ. ಮಗ ಅಳುವುದನ್ನು ಬಿಟ್ಟು ಕಿಟಕಿಯಾಚೆ ನೋಡುತ್ತ ಊರುಗಳಿಗಾಗಿ ಕಾಯತೊಡಗಿದ. ವಾಂತಿ ನಿಂತಿತು.

ಕೊನೆಯದು ಮನೆಗಂಟು. ಓಮ ಹಾಕಿ ಕರಿದ ಸಣ್ಣ ಕೋಡುಬಳೆಗಳಿದ್ದ ಆ ಗಂಟು ಬಳ್ಳಾರಿಗೆ ಹೋಗಿ, ಬಿಚ್ಚದೆ ಹಾಗೆಯೇ ಹಿಂತಿರುಗಬೇಕಿತ್ತು. ಮಗ ನೇರವಾಗಿ ಅಜ್ಜಿಯ ಹೊಸ್ತಿಲಿಗೆ ಓಡಿ ಅದನ್ನು ಅವರ ಕೈಗಿಡಬೇಕು, ಅವರು ಬಿಚ್ಚಬೇಕು, ಇಬ್ಬರೂ ತಿನ್ನಬೇಕು. ಇದು ಅವರು ಮಾಡಿದ ಕಟ್ಟಳೆ.

ಮರುವರ್ಷದ ಬೇಸಿಗೆಯಲ್ಲಿ ಅಜ್ಜಿಗೆ ಉಬ್ಬಸ ಬಹಳ ಹೆಚ್ಚಾಗಿತ್ತು. ಹಾಸಿಗೆಯಲ್ಲಿ ಕುಳಿತೇ ಗಂಟು ಕಟ್ಟುತ್ತಿದ್ದುದನ್ನು ಕಂಡು, ಈ ಸಲ ನಾವು ಹೋಗುವುದಿಲ್ಲ ಎಂದು ತಿಳಿಸಿದೆ.

"ನೀನು ಇಲ್ಲೇ ಕುಂತ್ರೆ ನನ್ ಉಸ್ರು ನೀನ್ ಎಳ್ಕೊಡ್ತೀಯಾ? ಓಗ್ ಬಾ ಓಗು. ಮನೆಗಂಟು ತಂದು ನನ್ ಕೈಯಾಗೆ ಮಡ್ಗು, ಅಷ್ಟ್ ಸಾಕು."

ಹಿಂತಿರುಗುವ ದಿನ ಶಿರಾದ ಬಳಿ ಅವರ ಫೋನು ಬಂತು. ಮಗನೇ ಎತ್ತಿದ.

"ಎಲ್ಲಿದ್ದೀಯೋ ಮಗಾ?"

"ಶಿರಾ ಅಜ್ಜಿ! ನಿಪ್ಪಟ್ಟು ತಿಂತಾ ಇದೀನಿ."

"ಮನೆಗಂಟು?"

"ಮುಟ್ಟೇ ಇಲ್ಲ!"

"ಸುಳ್ಳ. ಇಲಿ ಕಣೋ ನೀನು, ಮೂಸಾದ್ರೂ ನೋಡಿರ್ತೀಯ." ನಗು ಕೆಮ್ಮಾಯಿತು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ದಾಬಸ್‌ಪೇಟೆಯಲ್ಲಿ ಮತ್ತೆ ಫೋನು. ಈ ಬಾರಿ "ಬೇಗ ಬಾ ಮಗಾ" ಎಂದಷ್ಟೇ ಕೇಳಿಸಿತು. ನೆಲಮಂಗಲದಿಂದ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಮಗ ಗಂಟನ್ನು ಎರಡೂ ಕೈಗಳಲ್ಲಿ ಹಿಡಿದು ಸೀಟಿನ ತುದಿಗೆ ಬಂದು ಕುಳಿತಿದ್ದ. ಜಾಲಹಳ್ಳಿ ಕ್ರಾಸಿನಲ್ಲಿ ನಾನೇ ಕರೆ ಮಾಡಿದೆ. ಯಾರೂ ಎತ್ತಲಿಲ್ಲ...

ನಮ್ಮ ರಸ್ತೆಗೆ ತಿರುಗಿದಾಗ ಅವರ ಬಾಗಿಲ ಮುಂದೆ ತುಂಬ ಚಪ್ಪಲಿಗಳಿದ್ದವು. ನಾನು ಮಗನನ್ನು ಸೀಟಿನಿಂದ ಎಳೆದೆತ್ತಿಕೊಂಡು ಓಡಿದೆ. ಆ ಗಡಿಬಿಡಿಯಲ್ಲಿ ಗಂಟು ಎಲ್ಲಿ ಜಾರಿತೋ ತಿಳಿಯಲಿಲ್ಲ. ಅಜ್ಜಿಯ ಬಲಗೈ ಚಾಪೆಯಿಂದ ಸ್ವಲ್ಪ ಹೊರಗೆ, ಅಂಗೈ ಮೇಲಾಗಿ ಬಿದ್ದಿತ್ತು. "ಗಂಟು ಎಲ್ಲಮ್ಮ, ಗಂಟು ಎಲ್ಲಮ್ಮ" ಎಂದು ಮಗ ನನ್ನ ಕಿವಿಯಲ್ಲಿ ಕೇಳುತ್ತಲೇ ಇದ್ದ. ಮುಂದೆ ಹಲವು ದಿನ ಕೇಳಿದ. ಆಮೇಲೆ ಕೇಳುವುದನ್ನು ನಿಲ್ಲಿಸಿದ.

ಈಗ ಅವನು ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಓದುತ್ತಿದ್ದಾನೆ. ಬಳ್ಳಾರಿಗೆ ಹೊರಟರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಊರು ಯಾವುದೆಂದು ನೋಡದೆ ಚಿಪ್ಸ್ ತಿನ್ನುತ್ತಾನೆ. ಭಾನುವಾರ ಗಂಟನ್ನು ಅವನ ಮುಂದೆ ಹಿಡಿದೆ.

"ಥೂ, ಏನಮ್ಮ ಇದು? ಇಲಿ ತಂದಿಟ್ಟಿದ್ದಾ? ಬಿಸಾಕು."

"ಅಜ್ಜಿ ಕೊಟ್ಟಿದ್ದು ಕಣೋ."

"ಯಾವ್ ಅಜ್ಜಿ? ಬಳ್ಳಾರಿ ಅಜ್ಜಿನಾ?"

ಎದುರಿನ ಮನೆಯನ್ನು ಕೆಡವಿ ಈಗ ಪಿಜಿ ಕಟ್ಟಿದ್ದಾರೆ. ಹೊಸ್ತಿಲಿದ್ದ ಜಾಗದಲ್ಲಿ ಬೈಕುಗಳು ನಿಲ್ಲುತ್ತವೆ. ಕೊಂಡವರು ನಿನ್ನೆ ಬಂದು ಕಾರನ್ನು ತೆಗೆದುಕೊಂಡು ಹೋದರು. ಸದರಿ ಗಂಟು ಅಡುಗೆಮನೆಯ ಕಿಟಕಿಯ ಮೇಲಿದೆ. ಎಸೆಯಲು ಕೈ ಬರುತ್ತಿಲ್ಲ. ಬಿಚ್ಚಲು ಯಾರ ಅನುಮತಿ ಬೇಕೋ ಅವರಿಲ್ಲ. ತಂದೊಪ್ಪಿಸಬೇಕಾದವನಿಗೆ ಅದು ಯಾರದೆಂದು ನೆನಪಿಲ್ಲ.